ವರಸೆ ಕಲಿತ ಕಂಪ್ಯೂಟರು

ನನ್ನ ಆಯಿ, ಅಂದರೆ ಅವ್ವನ ತಾಯಿ, ನನಗೆ ಸೋದರತ್ತೆಯೂ ಹೌದು. ಇದರಲ್ಲಿ ಗಾಬರಿಯಾಗುವಂಥದ್ದು ಏನೂ ಇಲ್ಲ. ಆಕೆ ತನ್ನ ಮಗಳನ್ನು ತನ್ನ ತಮ್ಮನಿಗೇ ಕೊಟ್ಟಳು. ಆ ಮಗಳು ನನ್ನ ಅವ್ವ, ಆ ತಮ್ಮ ನನ್ನ ಅಪ್ಪ. ಇಳಕಲ್ಲಿನ ನಮ್ಮ ಓಣಿಯಲ್ಲಿ ಇದು ಯಾರಿಗೂ ವಿಶೇಷ ಅನ್ನಿಸಿದ್ದಿಲ್ಲ. ವಿಶೇಷ ಅನ್ನಿಸಿದ್ದು ಕಂಪ್ಯೂಟರಿಗೆ ಮಾತ್ರ.

ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುತ್ತೇನೆ. ಅದರಲ್ಲಿ ಒಂದು ಪಾಠ, ಮನುಷ್ಯರ ತಲೆಯಲ್ಲಿರುವ ತಿಳಿವಳಿಕೆಯನ್ನು ಯಂತ್ರಕ್ಕೆ ಅರ್ಥವಾಗುವ ಹಾಗೆ ಬರೆದಿಡುವುದು ಹೇಗೆ ಎಂಬುದು. ಪುಸ್ತಕದ ಉದಾಹರಣೆ ಹೀಗಿದೆ: ಹಕ್ಕಿಗಳು ಹಾರುತ್ತವೆ, ಪೆಂಗ್ವಿನ್ ಹಕ್ಕಿಯೇ, ಆದರೆ ಹಾರುವುದಿಲ್ಲ, ಈಗ ಯಂತ್ರಕ್ಕೆ ಏನು ಹೇಳುತ್ತೀರಿ? ಬಾಗಲಕೋಟೆಯ ಬಿಸಿಲಿನಲ್ಲಿ ಪೆಂಗ್ವಿನ್ನಿನ ಚಿಂತೆ ಯಾರಿಗೂ ಹತ್ತುವುದಿಲ್ಲವಾದ್ದರಿಂದ ನಾನು ಅದರ ಜಾಗದಲ್ಲಿ ಕೋಳಿಯನ್ನು ತರುತ್ತೇನೆ. ಇನ್ನೊಂದು ಉದಾಹರಣೆ ರೈಲಿನ ವೇಳಾಪಟ್ಟಿ. ಪಟ್ಟಿಯಲ್ಲಿ ಇಲ್ಲದ ರೈಲು ಇಲ್ಲವೇ ಇಲ್ಲ ಎಂದು ಯಂತ್ರ ತಿಳಿಯುತ್ತದೆ. ಯಾರೂ ಹೇಳದೆ ಬಿಟ್ಟದ್ದು ಅದರ ಪಾಲಿಗೆ ಸುಳ್ಳು. ಇದನ್ನು ನಾನು ಎಷ್ಟೋ ಸಲ ಪರೀಕ್ಷೆಯಲ್ಲಿ ಕೇಳಿ, ಉತ್ತರ ಬರೆಯದ ಮಕ್ಕಳನ್ನು ಬೈದಿದ್ದೇನೆ.

ನಮ್ಮ ಸಮಾಜದ ಸಂಘಕ್ಕೆ ಒಬ್ಬ ಅಧ್ಯಕ್ಷರಿದ್ದಾರೆ. ಇಳಕಲ್ಲಿನಲ್ಲಿ ಪವರ್‌ಲೂಮು, ಪೇಟೆಯಲ್ಲಿ ಸೀರೆ ಅಂಗಡಿ, ಮೊಬೈಲಿನಲ್ಲಿ ಬಂದ ವಿಡಿಯೋಗಳಿಂದ ಗಳಿಸಿದ ಅಪಾರ ಪಾಂಡಿತ್ಯ. ಒಂದು ದಿನ ನನ್ನನ್ನು ಅಂಗಡಿಗೆ ಕರೆಸಿ, ಗಾದಿಯ ಮೇಲೆ ಕೂರಿಸಿ, ಚಹಾ ತರಿಸಿದರು.

"ಮೇಡಂ, ನಮ್ಮ ಹಿರ್ಯಾರು ಒಬ್ಬೊಬ್ಬರ ಹೊಂಟಾರ. ಅವರ ಜೋಡಿ ವರಸಿನೂ ಹೊಂಟೈತಿ. ಈಗಿನ ಹುಡುಗರಿಗೆ ಚಿಗವ್ವ ಯಾರು, ಅತ್ತಿ ಯಾರು ಗೊತ್ತಿಲ್ಲ. ಯಾರಿಗೆ ಯಾರು ಏನಾಗಬೇಕು ಅನ್ನೂದನ್ನ ಪೂರಾ ಎಐದಾಗ ಹಾಕಿಬಿಡ್ರಿ."

"ಎಐ ಅಂದ್ರ ಡಬ್ಬಿ ಅಲ್ರಿ, ಹಾಕಾಕ."

"ಡಬ್ಬಿನೂ ತರಸೂಣಂತ. ಎಷ್ಟ ದೊಡ್ಡದು ಬೇಕು ಹೇಳ್ರಿ."

ವರಸೆ ಎಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಅಣ್ಣತಮ್ಮಂದಿರ ಮಕ್ಕಳು ತಮ್ಮತಮ್ಮೊಳಗೆ ಅಣ್ಣ-ತಂಗಿ. ಅಕ್ಕತಂಗಿಯರ ಮಕ್ಕಳೂ ಹಾಗೆಯೇ. ಅವರು ಮದುವೆಯಾಗುವ ಹಾಗಿಲ್ಲ. ಅಣ್ಣನ ಮಕ್ಕಳು ತಂಗಿಯ ಮಕ್ಕಳನ್ನು, ಸೋದರಮಾವ ಅಕ್ಕನ ಮಗಳನ್ನು ಆಗಬಹುದು, ಆಗಲೇಬೇಕು ಎಂದು ಕೆಲವರು ಹಟವನ್ನೂ ಹಿಡಿಯುತ್ತಾರೆ. ಇದೇ ಲೆಕ್ಕ ಅಜ್ಜ, ಮುತ್ತಜ್ಜರ ತನಕ ಏರುತ್ತದೆ. ಕನ್ಯೆ ನೋಡಲು ಬಂದವರು ಮೊದಲು ಕೇಳುವುದೇ ಇದನ್ನು. ವರಸೆ ಕೂಡಿದರೆ ಮಾತು ಮುಂದೆ. ಕೂಡದಿದ್ದರೆ ಅವಲಕ್ಕಿ ತಿಂದು, ಚಹಾ ಕುಡಿದು, ಚಪ್ಪಲಿ ಹುಡುಕಿಕೊಳ್ಳುವುದು.

ನಾನು ಒಪ್ಪಿಕೊಂಡೆ. ಸಮಾಜಸೇವೆ ಎಂದು ಎಲ್ಲರಿಗೂ ಹೇಳಿದೆ. ಖರೆ ಹೇಳಬೇಕೆಂದರೆ ಮೊದಲು ಒಪ್ಪಿಕೊಂಡದ್ದು ಅಧ್ಯಕ್ಷರ ಕಾಟ ತಪ್ಪಲಿ ಎಂದು, ಮುಂದುವರಿಸಿದ್ದು ಒಬ್ಬ ಇಂಜಿನಿಯರನ ಸಲುವಾಗಿ. ಆತ ಹುನಗುಂದದವನು, ರಾಮಥಾಳದ ಕಡೆ ಹೊಲಗಳಲ್ಲಿ ಹನಿ ನೀರಾವರಿಯ ಕೆಲಸ ನೋಡುವವನು. ಹೇಗೂ ಬೈಕಿನ ಮೇಲೆ ಊರೂರು ಅಲೆಯುತ್ತಾನಲ್ಲ ಎಂದು ಸಂಘದವರು ಆ ಭಾಗದ ಮನೆಗಳ ಮಾಹಿತಿ ಕೂಡಿಸುವ ಕೆಲಸವನ್ನು ಆತನ ತಲೆಗೆ ಕಟ್ಟಿದ್ದರು. ಭಾನುವಾರ ಭಾನುವಾರ ನವನಗರದ ನನ್ನ ಮನೆಗೆ ಕೂಡಿಸಿದ್ದನ್ನು ತಂದು ಒಪ್ಪಿಸುತ್ತಿದ್ದ. ದಾರಿಯಲ್ಲಿ ಅಮೀನಗಡದಲ್ಲಿ ಇಳಿದು ಕರದಂಟು ತರುತ್ತಿದ್ದ. ನನಗೆ ಮೂವತ್ತು ದಾಟಿ ಕೆಲವು ವರ್ಷವಾಗಿತ್ತು. ಮದುವೆಮನೆಗಳಲ್ಲಿ ಮುದುಕಿಯರು ನನ್ನ ಗದ್ದ ಹಿಡಿದು "ಭಾಳ ಸಾಲಿ ಕಲ್ತ ಹಿಂಗಾತು ನೋಡ" ಎನ್ನುವುದು ರೂಢಿಯಾಗಿಹೋಗಿತ್ತು. ಆತ ಮಾತ್ರ ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು ಆಮೇಲೆ ಮಾತಾಡುತ್ತಿದ್ದ. ಗಂಡಸರಲ್ಲಿ ಈ ಗುಣವನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗೆ ಆತನ ಮೇಲೆ ಮನಸ್ಸಾಯಿತು. ಹೇಳಿಕೊಳ್ಳಲಿಲ್ಲ; ಆತನೂ ಹೇಳಲಿಲ್ಲ. ಇಬ್ಬರೂ ಸೇರಿ ಊರಿನವರ ಸಂಬಂಧ ಹಚ್ಚುತ್ತ ಕೂತೆವು.

ಆತನ ಮಾಹಿತಿ ಓದುವುದೇ ಒಂದು ಮಜ. ನಮ್ಮ ಹಿರಿಯ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಲೇಬೇಕಾದರೆ ಒಡಪಿನಲ್ಲಿ ಸುತ್ತಿ ಹೇಳುತ್ತಾರೆ. ಗಂಡನ ಹೆಸರಿನ ಖಾನೆ ತುಂಬದೆ ಯಂತ್ರ ಮುಂದೆ ಹೋಗಗೊಡುತ್ತಿರಲಿಲ್ಲ. ಈ ಪ್ರಾಮಾಣಿಕ ಮನುಷ್ಯ, ಅವರು ಹೇಳಿದ್ದನ್ನು ಹೇಳಿದ ಹಾಗೇ ಹೊಡೆದುಬಿಟ್ಟಿದ್ದ. "ಪತಿಯ ಹೆಸರು: ಎಣ್ಣಿ ಹಚ್ಚಿ ಎರಕೊಂಡು, ಸಣ್ಣ ಮಲ್ಲಿಗಿ ಮುಡಕೊಂಡು, ಪಡಸಾಲ್ಯಾಗ ನಿಂತ" ಎಂದು ಶುರುವಾಗಿ, ಖಾನೆಯ ಜಾಗ ತೀರಿ, ಹೆಸರು ಬರುವ ಮೊದಲೇ ಮಾತು ಕಡಿದುಹೋಗಿತ್ತು. ಹೀಗೆ ಹುನಗುಂದದ ಎಷ್ಟೋ ಗಂಡಂದಿರು ಪಡಸಾಲೆಯಲ್ಲೇ ನಿಂತರು. ವಿಳಾಸದ್ದು ಇನ್ನೊಂದು ಕಥೆ. ಬಾಗಲಕೋಟೆಯ ಹಿರಿಯರು ಈಗಲೂ ಹಿನ್ನೀರಿನಲ್ಲಿ ಮುಳುಗಿದ ಓಣಿಯ ಹೆಸರನ್ನೇ ಹೇಳುತ್ತಾರೆ. ನಕ್ಷೆ ತೆರೆದರೆ ಮನೆಯ ಜಾಗದಲ್ಲಿ ಬರೀ ನೀಲಿ ನೀರು. ತನ್ನ ತಾಯಿಯ ತಾಯಿಯನ್ನು "ನಿನ್ನ ತವರು ಯಾವುದು" ಎಂದು ಆತ ಕೇಳಿದಾಗ, ಆ ಮುದುಕಿ "ನನಗ ತವರು ಇಲ್ಲ" ಎಂದಳಂತೆ. ಆತ ತವರಿನ ಖಾನೆಯಲ್ಲಿ "ಇಲ್ಲ" ಎಂದು ಹೊಡೆದ.

ಇಳಕಲ್ಲಿನ ಪೂರ್ತಿ ತಿಳಿವಳಿಕೆ ಇದ್ದದ್ದು ನಮ್ಮ ಆಯಿಯ ತಲೆಯಲ್ಲಿ. ಮದುವೆಯ ಪಂಕ್ತಿಯಲ್ಲಿ ಎದುರಿಗೆ ಕೂತ ಅಪರಿಚಿತನನ್ನು ಹೋಳಿಗೆ ಮುಗಿಯುವುದರೊಳಗೆ ಅಳಿಯನನ್ನಾಗಿ ಮಾಡಿಕೊಳ್ಳುವ ಹೆಂಗಸು ಆಕೆ. ಲ್ಯಾಪ್‌ಟಾಪು ಹಿಡಿದುಕೊಂಡು ನಾನು ಆಕೆಯ ಎದುರು ಕೂತೆ. ಆಕೆ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು.

"ಚಿಗವ್ವನ ಮಗ ಏನಾಗ್ತಾನ, ಆಯಿ?"

"ಅಣ್ಣ ಆಗ್ತಾನ. ಇದನ್ನ ಕಲ್ಯಾಕ ಪಗಾರ ಕೊಡ್ತಾರೇನ ನಿನಗ?"

"ಮತ್ತ ಹಿಂದಿನ ಮನಿ ಮುದುಕ ಚಿಗವ್ವನ ಮಗಳನ್ನ ಮಾಡಿಕೊಂಡಾನಲ್ಲ?"

"ಅದು ಬ್ಯಾರೆ."

"ಹೆಂಗ ಬ್ಯಾರೆ?"

"ಅಕಿ ತಂದಿ ಕಡಿಂದ ಹಿಡದ್ರ ಮಾವನ ಮಗಳಾಗ್ತಾಳ."

"ತಾಯಿ ಕಡಿಂದ ಯಾಕ ಹಿಡೀಲಿಲ್ಲ?"

"ಹುಡಿಗಿ ಛಲೋ ಇದ್ದಳವಾ!"

ಇದನ್ನು ನಿಯಮವಾಗಿ ಬರೆಯಲು ನಾನು ಒಂದು ಮಧ್ಯಾಹ್ನ ಪೂರ್ತಿ ಒದ್ದಾಡಿದೆ. ಹುಡುಗಿ ಛಲೋ ಇದ್ದರೆ ತಂದೆಯ ಕಡೆಯಿಂದ, ಇಲ್ಲದಿದ್ದರೆ ತಾಯಿಯ ಕಡೆಯಿಂದ. ಛಲೋ ಎಂದರೆ ಏನು ಎಂದು ಯಂತ್ರ ಕೇಳಿದರೆ ಏನು ಹೇಳಲಿ? ಆಯಿಯನ್ನೇ ಕೇಳಿದೆ. "ಅದು ನೋಡಿದ್ರ ತಿಳೀತೈತಿ" ಎಂದಳು.

ನಮ್ಮ ಮನೆಯದನ್ನೇ ತುಂಬಿದಾಗ ಯಂತ್ರ ಮೊದಲ ಸಲ ಹೆದರಿತು. ಅದಕ್ಕೆ ಗೊತ್ತಿದ್ದದ್ದು ಮರ. ಮರದ ಕೊಂಬೆ ಮೇಲಕ್ಕೆ ಹೋಗಬಹುದು, ಪಕ್ಕಕ್ಕೆ ಹೋಗಬಹುದು, ತಿರುಗಿ ಬಂದು ಬುಡವನ್ನು ಮುಟ್ಟಬಾರದು. ಆದ್ದರಿಂದ ಅದು ಆಯಿಯನ್ನು ಇಬ್ಬರು ಹೆಂಗಸರನ್ನಾಗಿ ಮಾಡಿತು. ಒಬ್ಬಾಕೆ ನನ್ನ ಅವ್ವನ ತಾಯಿ, ಇನ್ನೊಬ್ಬಾಕೆ ನನ್ನ ಅಪ್ಪನ ಅಕ್ಕ. ಇಬ್ಬರಿಗೂ ಅದೇ ಫೋಟೋ, ಅದೇ ಸಿಟ್ಟಿನ ಮುಖ. ತೋರಿಸಿದೆ. ಆಯಿ ಕನ್ನಡಕ ಏರಿಸಿಕೊಂಡು ನೋಡಿ, "ಒಬ್ಬಾಕಿನ್ನ ತಾಳೂದ ನಿಮ್ಮ ಅಜ್ಜಗ ಸಾಕಾಗಿತ್ತು" ಎಂದಳು.

"ಅಜ್ಜಗ ಒಡಹುಟ್ಟಿದವರು ಯಾರ್ಯಾರು, ಆಯಿ?"

ಆಯಿ ಅಜ್ಜನ ಅಣ್ಣನನ್ನು ಹೇಳಿದಳು, ಇಬ್ಬರು ತಮ್ಮಂದಿರನ್ನು ಹೇಳಿದಳು. ಆಮೇಲೆ ಬೇಳೆಯಲ್ಲಿ ಒಂದು ಹರಳು ಸಿಕ್ಕಿತು. ಅದನ್ನು ಅಂಗಳಕ್ಕೆ ಬೀಸಿ ಒಗೆದು, "ಅಷ್ಟ. ಸಾಕು" ಎಂದಳು. ನಾನು ಹಾಗೇ ತುಂಬಿದೆ.

ಈಗ ದೊಡ್ಡ ಪ್ರಶ್ನೆ ಉಳಿಯಿತು. ನಮ್ಮಲ್ಲಿ ಯಾವ ಇಬ್ಬರ ನಡುವೆಯೂ ಸಂಬಂಧ ಒಂದೇ ದಾರಿಯಿಂದ ಬರುವುದಿಲ್ಲ. ಒಂದು ದಾರಿಯಿಂದ ಅತ್ತೆ ಮಗಳಾದವಳು ಇನ್ನೊಂದು ದಾರಿಯಿಂದ ಚಿಗವ್ವ. ಯಾವುದನ್ನು ಹಿಡಿಯಬೇಕು? ಸಂಘದ ಸಭೆ ಸೇರಿತು. ಅಧ್ಯಕ್ಷರು ಟೇಬಲ್ಲು ಕುಟ್ಟಿದರು. "ಇದು ಧರ್ಮದ ಪ್ರಶ್ನೆ. ಒಂದ ದಾರಿಲೆ ತಪ್ಪು ಅಂತ ಬಂದ್ರೂ ಬ್ಯಾಡ ಅನ್ನಬೇಕು ಯಂತ್ರ!" ಎಲ್ಲರೂ ಕೈ ಎತ್ತಿದರು. ನಾನು ಹಾಗೇ ಬರೆದೆ.

ಉದ್ಘಾಟನೆ ಇಳಕಲ್ಲಿನ ಕಲ್ಯಾಣ ಮಂಟಪದಲ್ಲಿ. ಲ್ಯಾಪ್‌ಟಾಪಿಗೆ ಹೂವಿನ ಹಾರ ಹಾಕಿ, ಕುಂಕುಮ ಹಚ್ಚಿ, ಎದುರಿಗೆ ಕಾಯಿ ಒಡೆದರು. ಕುಂಕುಮ ಕೀಲಿಮಣೆಯೊಳಗೆ ಇಳಿದು ಇವತ್ತಿಗೂ ಒಂದು ಕೀಲಿ ಕೆಂಪಗಿದೆ. ಅತಿಥಿಗಳು ನಮ್ಮ ಪೂರ್ವಜರು ಎಐಯನ್ನು ಮೊದಲೇ ಬಲ್ಲವರಾಗಿದ್ದರು ಎಂದರು. ಆಮೇಲೆ ಅಧ್ಯಕ್ಷರು ಮೈಕು ಹಿಡಿದು, "ಈಗ ಪ್ರತ್ಯಕ್ಷ ತೋರಸ್ತೇವಿ. ಯಾರಾದ್ರೂ ಮದುವಿ ಆಗದವರು ಇಬ್ಬರ ಹೆಸರು ಹೇಳ್ರಿ" ಎಂದರು. ಹಿಂದಿನ ಸಾಲಿನಿಂದ ಯಾರೋ ಕೂಗಿದರು.

"ಮಾಡಿದವರದ ಮೊದಲ ನೋಡ್ರಲಾ! ಇಬ್ಬರೂ ಖಾಲಿ ಅದಾರ!"

ಸಭೆ ಗೊಳ್ಳೆಂದಿತು. ಜಿಲ್ಲೆಯ ಜೋಡಿಗಳನ್ನೆಲ್ಲ ಹಾಕಿ ನೋಡಿದ್ದ ನಾನು ಆ ಒಂದು ಜೋಡಿಯನ್ನು ಮಾತ್ರ ಹಾಕಿ ನೋಡಿರಲಿಲ್ಲ. ಧೈರ್ಯವಾಗಿರಲಿಲ್ಲ, ಅಷ್ಟೆ. ಆತ ವೇದಿಕೆಯ ಆ ತುದಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ನಾನು ಕೀಲಿ ಒತ್ತಿದೆ. ಪರದೆಯ ಮೇಲೆ ಗೋಡೆಯಷ್ಟು ದೊಡ್ಡ ಅಕ್ಷರ ಬಂತು: ಅಣ್ಣ–ತಂಗಿ. ಮದುವೆ ನಿಷಿದ್ಧ.

ಆತನ ಅಪ್ಪನ ತಾಯಿಯೂ ನನ್ನ ಅಪ್ಪನ ತಾಯಿಯೂ ಅಕ್ಕತಂಗಿಯರು. ಅಲ್ಲಿಗೆ ನಮ್ಮ ಅಪ್ಪಂದಿರು ಅಣ್ಣತಮ್ಮಂದಿರು, ನಾವು ಅಣ್ಣ-ತಂಗಿ. ಅಷ್ಟಕ್ಕೇ ಬಿಡದೆ ಯಂತ್ರ ಇನ್ನೊಂದು ಸಾಲು ತೋರಿಸಿತು: ಮತ್ತೊಂದು ದಾರಿಯಿಂದ, ಮಗಳು. ಅದು ಆಯಿಯ ಮೂಲಕ ಸುತ್ತಿ ಬರುವ ದಾರಿ; ಬಿಡಿಸಿ ಹೇಳಿದರೆ ನಿಮಗೂ ತಲೆ ತಿರುಗುತ್ತದೆ. ಸಭೆ ಚಪ್ಪಾಳೆ ಹೊಡೆಯಿತು. ಯಂತ್ರ ಸರಿಯಾಗಿ ಕೆಲಸ ಮಾಡಿದ್ದಕ್ಕೆ ಎಲ್ಲರಿಗೂ ಮನಸ್ಸು ತುಂಬಿ ಬಂದಿತ್ತು.

"ನೋಡ್ರಿ, ಅಣ್ಣ-ತಂಗಿ ಕೂಡಿ ಸಮಾಜಕ್ಕ ಎಂಥಾ ಕೆಲಸ ಮಾಡ್ಯಾರ!" ಎಂದರು ಅಧ್ಯಕ್ಷರು. ಅಷ್ಟರಲ್ಲಿ ಅವರಿಗೆ ಇನ್ನೊಂದು ವಿಚಾರ ಹೊಳೆಯಿತು. ಅತಿಥಿಗಳ ಮನೆಯವರಿಗೆಂದು ತರಿಸಿಟ್ಟ ಗುಳೇದಗುಡ್ಡದ ರವಿಕೆ ಖಣಗಳಲ್ಲಿ ಒಂದನ್ನು ಎತ್ತಿ ಆತನ ಕೈಗೆ ಕೊಟ್ಟರು. "ಅಣ್ಣ ಅಂದ ಮ್ಯಾಲ ತಂಗಿಗೆ ಕುಬಸದ ಖಣ ಕೊಡಬೇಕ್ರಿ. ಫೋಟೋ ತಗೀರಿ!" ಆತ ಆ ಖಣವನ್ನು ನನ್ನ ಕೈಯಲ್ಲಿಟ್ಟ. ಆತನ ಮುಖ ನೋಡುವುದು ನನ್ನಿಂದ ಆಗಲಿಲ್ಲ. ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ. ಫೋಟೋಗಳನ್ನು ನಂಬಬಾರದು ಎಂದು ನನಗೆ ಅವತ್ತಿನಿಂದ ಗೊತ್ತು.

ಬಾಗಲಕೋಟೆಗೆ ಬಂದು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಸಿಟ್ಟು ಬಂದಾಗ ಬೇರೆ ಹೆಂಗಸರು ಪಾತ್ರೆ ತಿಕ್ಕುತ್ತಾರೆ. ನಾನು ಲ್ಯಾಪ್‌ಟಾಪು ತೆರೆದೆ. ಮದುವೆಯಾಗದವರನ್ನು ಬಿಟ್ಟು, ಈಗಾಗಲೇ ಆದವರನ್ನು ಒಂದೊಂದೇ ಜೋಡಿಯಾಗಿ ಯಂತ್ರಕ್ಕೆ ಕೊಡುತ್ತ ಹೋದೆ. ಅಣ್ಣ–ತಂಗಿ. ಅಣ್ಣ–ತಂಗಿ. ಚಿಗವ್ವ–ಮಗ. ಅಣ್ಣ–ತಂಗಿ. ಓಣಿಗೆ ಓಣಿಯೇ ಅಧರ್ಮದಲ್ಲಿ ಮುಳುಗಿತ್ತು. ಅಧ್ಯಕ್ಷರು ಮತ್ತು ಅವರ ಹೆಂಡತಿ ಎರಡು ದಾರಿಯಿಂದ ಅಣ್ಣ-ತಂಗಿಯಾಗಿದ್ದರು.

ಮರುದಿನ ಅವರ ಅಂಗಡಿಗೆ ಹೋಗಿ ತೋರಿಸಿದೆ. ಅವರು ಗಿರಾಕಿಗಳನ್ನು ನೋಡಿದರು, ನನ್ನನ್ನು ನೋಡಿದರು, ಪರದೆಯನ್ನು ಕೈಯಿಂದ ಮುಚ್ಚಿದರು.

"ಇದನ್ನ ಯಾರಿಗರೆ ಹೇಳಿರೇನು?"

"ಇನ್ನೂ ಇಲ್ರಿ."

"ಮೇಡಂ, ನನಗ ಮೊಮ್ಮಕ್ಕಳಾಗ್ಯಾವ್ರಿ."

"ಹೌದ್ರಿ. ಅವಕ್ಕೂ ಏನಂತ ತೋರಸ್ತೈತಿ ನೋಡೂಣೇನ್ರಿ?"

ತುರ್ತು ಸಭೆ ಸೇರಿತು. ಅಧ್ಯಕ್ಷರು ಅದೇ ಟೇಬಲ್ಲನ್ನು ಕುಟ್ಟಿದರು. "ಹಿರ್ಯಾರು ದಡ್ಡರಿದ್ದಿಲ್ಲ. ಇದು ಧರ್ಮದ ಪ್ರಶ್ನೆ. ಒಂದ ದಾರಿಲೆ ಸರಿ ಬಂದ್ರೂ ಸರಿ ಅನ್ನಬೇಕು ಯಂತ್ರ!" ಅವೇ ಕೈಗಳು ಎದ್ದವು. ನಾನು ಒಂದು ಸಾಲು ತಿದ್ದಿದೆ. ಸಂಜೆಯ ಹೊತ್ತಿಗೆ ಇಳಕಲ್ಲಿನ ಸಂಸಾರಗಳೆಲ್ಲ ಮತ್ತೆ ಸಕ್ರಮವಾದವು.

ಆಮೇಲೆ ನಮ್ಮಿಬ್ಬರನ್ನು ಹಾಕಿ ನೋಡಿದೆ. ತಂಗಿ. ಮಗಳು. ಮೂರನೆಯ ದಾರಿ ಇರಲಿಲ್ಲ. ಊರಿಗೆಲ್ಲ ತೆರೆದ ಬಾಗಿಲು ನನಗೊಬ್ಬಳಿಗೆ ಮುಚ್ಚಿತ್ತು. ಮೊದಲನೆಯ ಸಲಕ್ಕಿಂತ ಈ ಸಲ ಹೆಚ್ಚು ನೋವಾಯಿತು.

ಇಳಕಲ್ಲಿಗೆ ಹೋಗಿ ಆಯಿಯ ಎದುರು ಕೂತು, ಯಾರ ಸಲುವಾಗಿ ಎಂದು ಹೇಳದೆ, ಸುಮ್ಮನೆ ಲೆಕ್ಕಕ್ಕೆಂಬಂತೆ ಕೇಳಿದೆ. ಆ ಹುನಗುಂದದ ಮನೆಗೂ ನಮಗೂ ಬೇರೆ ಯಾವ ದಾರಿಯಿಂದಲೂ ಸಂಬಂಧ ಇಲ್ಲವೇ? ಆಯಿ ಸೆರಗು ಕೊಡವಿ ಎದ್ದು, ಕಾರಣವಿಲ್ಲದೆ ಹಿತ್ತಲಿಗೆ ಹೋದಳು. ಸತ್ತವರ ಸಂಬಂಧವನ್ನೂ ಬಿಡದೆ ಹೇಳುವ ಆಯಿ ಸುಮ್ಮನಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಲೆಯ ಮುಂದಿದ್ದ ಅವ್ವ ನನ್ನ ಕಡೆ ನೋಡಿ ತಟ್ಟನೆ ಮುಖ ತಿರುಗಿಸಿದಳು. ದಾರಿ ಇದೆ ಎಂದು ನನಗೆ ಆಗಲೇ ತಿಳಿಯಿತು.

ಬಸ್‌ ನಿಲ್ದಾಣದ ತನಕ ಕಳಿಸಲು ಬಂದ ಅವ್ವ ದಾರಿಯಲ್ಲಿ ಬಾಯಿಬಿಟ್ಟಳು.

"ನಿಮ್ಮ ಅಜ್ಜಗ ಒಬ್ಬಾಕಿ ತಂಗಿ ಅದಾಳ. ಹುನಗುಂದದಾಕಿ."

ಹುನಗುಂದದಾಕಿ! ಆ ಮಾತು ನನಗೆ ಚಿಕ್ಕಂದಿನಿಂದ ಗೊತ್ತು. ಹಾಲು ಒಡೆದರೆ ಆಯಿ "ಹುನಗುಂದದಾಕಿ ನೆನಿಸಿಕೊಂಡಿರಬೇಕು" ಎನ್ನುತ್ತಿದ್ದಳು. ಮಗ್ಗದ ಎಳೆ ಕಡಿದರೆ ಹುನಗುಂದದಾಕಿ, ಬೆಕ್ಕು ಅಡ್ಡ ಬಂದರೆ ಹುನಗುಂದದಾಕಿ. ಅದು ಯಾವುದೋ ದೆವ್ವ ಎಂದು ತಿಳಿದು ಬೆಳೆದಿದ್ದೆ. ಮನುಷ್ಯಳೆಂದು ತಿಳಿದಿರಲಿಲ್ಲ, ಇನ್ನೂ ಇದ್ದಾಳೆಂದಂತೂ ಅಂದುಕೊಂಡಿರಲೇ ಇಲ್ಲ. ಆಕೆಯ ಮಗಳೇ ಇಂಜಿನಿಯರನ ತಾಯಿ.

"ಯಾಕ ಜಗಳಾತು?"

"ಆ ಜಗಳ ನಾನ" ಎಂದಳು ಅವ್ವ.

ಅಣ್ಣನ ಮಗಳ ಮೇಲೆ ತಂಗಿಗೆ ಹಕ್ಕು. ಹುನಗುಂದದಾಕಿ ತನ್ನ ಮಗನಿಗೆ ಅವ್ವನನ್ನು ಕೇಳಿದ್ದಳು. ಆಯಿ ತನ್ನ ತಮ್ಮನಿಗೇ ಕೊಟ್ಟಳು. ಅದನ್ನೂ ನುಂಗಿಕೊಂಡು ನಾದಿನಿ ಮದುವೆಗೆ ಬಂ​ದಳು. ಆಯೇರಿಯ, ಅಂದರೆ ಮದುವೆಯ ಉಡುಗೊರೆಯ ಸೀರೆ ಉಡಿಯಲ್ಲಿ ಬಿದ್ದಾಗ ಸೆರಗು ತಿರುವಿ ನೋಡಿದಳು. ಇಳಕಲ್ಲ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ; ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಉಡಿಯಲ್ಲಿದ್ದದ್ದು ಕೊಂಡಿಯೇ ಇಲ್ಲದ ಪವರ್‌ಲೂಮಿನ ಸೀರೆ. ನೇಕಾರರ ಮನೆಯಲ್ಲಿ, ನೇಕಾರರ ಮಗಳಿಗೆ. ಆಕೆ ಸೀರೆಯನ್ನು ಹಂದರದ ಕಂಬಕ್ಕೆ ಹಾಕಿ, "ಇವತ್ತಿಗೆ ನನಗ ತವರು ಇಲ್ಲ" ಎಂದು ಹೊರಟುಹೋದಳು. ಆಯಿ ಎಲ್ಲರ ಎದುರಿಗೆ ಬನಶಂಕರಿ ಮೇಲೆ ಆಣೆ ಮಾಡಿ, ಇನ್ನು ಆಕೆಯ ಹೆಸರು ಬಾಯಲ್ಲಿ ತೆಗೆಯುವುದಿಲ್ಲ ಎಂದಳು. ನನ್ನ ಅವ್ವನಿಗೂ ಆತನ ತಾಯಿಗೂ ಸಂಬಂಧ ಚೆನ್ನಾಗಿಯೇ ಗೊತ್ತಿತ್ತು. ಇಬ್ಬರೂ ತಮ್ಮತಮ್ಮ ತಾಯಂದಿರಿಗೆ ಹೆದರಿ ಸುಮ್ಮನಿದ್ದರು. ಕಲ್ಯಾಣ ಮಂಟಪದಲ್ಲಿ ಚಪ್ಪಾಳೆ ಹೊಡೆದ ಹಿರಿಯರಿಗೂ ಗೊತ್ತಿತ್ತು, ಆದರೆ ಆಯಿಯ ಎದುರು ಆ ಮಾತು ಎತ್ತುವ ಗಂಡು ಇಳಕಲ್ಲಿನಲ್ಲಿ ಇನ್ನೂ ಹುಟ್ಟಿಲ್ಲ.

ದಾರಿ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. ಅಣ್ಣನ ಮಗಳು ನನ್ನ ಅವ್ವ, ತಂಗಿಯ ಮಗಳು ಆತನ ತಾಯಿ. ಹಾಗಾಗಿ ಅವರಿಬ್ಬರೂ ನಾದಿನಿ-ವೈನಿ, ಅಂದರೆ ನಾದಿನಿ-ಅತ್ತಿಗೆ. ಅವರ ಮಕ್ಕಳು ಮದುವೆಯಾಗಬಹುದು. ಇಬ್ಬರು ಮುದುಕಿಯರು ಸಿಟ್ಟಿನಲ್ಲಿ ಆಡಿದ್ದನ್ನು, ಆಡದೆ ಬಿಟ್ಟದ್ದನ್ನು ನಾವಿಬ್ಬರು ಕಲಿತವರು ನಿಜವೆಂದು ತುಂಬಿ, ಯಂತ್ರಕ್ಕೆ ಕಲಿಸಿ, ಊರಿಗೆ ತೋರಿಸಿ, ಚಪ್ಪಾಳೆ ಹೊಡೆಸಿಕೊಂಡಿದ್ದೆವು. ಬಸ್ಸಿನಲ್ಲಿ ಕೂತು ಆತನಿಗೆ ಫೋನು ಮಾಡಿದೆ.

"ನಿಮ್ಮ ಆಯಿಗೆ ತವರು ಐತ್ರಿ."

"ಐತೇನ್ರಿ? ಯಾವ ಊರಾಗ?"

"ನಮ್ಮನಿ."

ಆಮೇಲೆ ಆತ ಮೆಲ್ಲಗೆ, "ಹಂಗಾರ ಆ ಖಣ ನನಗ ತಿರುಗಿ ಕೊಡಬ್ಯಾಡ್ರಿ, ಹೊಲಿಸ್ಕೋರಿ" ಎಂದ. ಒಬ್ಬ ಗಂಡಸಿನ ಬಾಯಿಂದ ನಾನು ಕೇಳಿದ ಪ್ರೇಮದ ಮಾತು ಅದೊಂದೇ. ನನಗೆ ಅದು ಸಾಕಾಯಿತು.

ಕೊಂಡಿಯನ್ನು ನಾನೇ ತುಂಬಬಹುದಿತ್ತು. ಯಂತ್ರಕ್ಕೆ ಯಾರು ಹೇಳಿದರೂ ಒಂದೇ. ಆದರೆ ಯಂತ್ರ ಮದುವೆಯಲ್ಲಿ ಅಕ್ಕಿಕಾಳು ಹಾಕಲು ಬರುವುದಿಲ್ಲವಲ್ಲ. ಅದಕ್ಕೆ ಆಯಿ ಬೇಕಿತ್ತು. ಮುಂದಿನ ವಾರ ಮತ್ತೆ ಹೋಗಿ ಎಲ್ಲ ಗೊತ್ತಾಗಿದೆ, ಈ ದಾರಿಯಿಂದ ಆ ಮನೆಗೂ ನಮಗೂ ವರಸೆ ಕೂಡುತ್ತದೆ ಎಂದೆ. ಆಯಿ ಕೆರಳಿದಳು.

"ಹಂಗಂದ್ರ ಅಕಿ ಮುಂದ ನಾ ಸೋಲಬೇಕೇನ? ಅವತ್ತ ಕೊಡದ ಹೆಣ್ಣು ಇವತ್ತ ಅಕಿ ಮನಿಗೆ ಹೋತು ಅಂತ ಊರೆಲ್ಲಾ ಹೇಳಿಕೊಂಡ ತಿರಗ್ತಾಳ."

"ನನಗ ಆ ಹುಡುಗ ಬೇಕು, ಆಯಿ."

ಆ ಮಾತನ್ನು ನಾನು ಅದುವರೆಗೆ ಯಾರ ಎದುರೂ ಆಡಿರಲಿಲ್ಲ. ಆಯಿ ನನ್ನನ್ನು ನೋಡುತ್ತಲೇ ಕೂತಳು. ಆಕೆಯ ಸಿಟ್ಟಿನ ಮುಖ ಒಂದೊಂದೇ ಎಳೆಯಾಗಿ ಸಡಿಲವಾಯಿತು.

"ಮೊದಲ ಹೇಳಬಾರದೇನ, ಹುಚ್ಚಿ. ಚಿಗವ್ವನ ಮಗ ಏನಾಗ್ತಾನ, ಮಾವನ ಮಗ ಏನಾಗ್ತಾನ, ಎಲ್ಲಾ ಕೇಳ್ದಿ. ಇದೊಂದ ಹೇಳಲಿಲ್ಲ. ನೀ ಹೇಳಲಿಲ್ಲ, ನಾ ಇಲ್ಲ ಅಂತ ತಿಳಕೊಂಡೆ."

ಪರೀಕ್ಷೆಯಲ್ಲಿ ನಾನು ಕೇಳುತ್ತಿದ್ದ ಪ್ರಶ್ನೆಗೆ ಇಷ್ಟು ಚೊಕ್ಕ ಉತ್ತರವನ್ನು ಯಾವ ವಿದ್ಯಾರ್ಥಿಯೂ ಬರೆದಿಲ್ಲ.

ಯಾವ ದೇವಿಯ ಮೇಲೆ ಆಣೆ ಮಾಡಿದ್ದೋ ಆಕೆಯ ಎದುರೇ ಬಿಡಿಸಿಕೊಳ್ಳಬೇಕು. ಒಂದು ಶುಕ್ರವಾರ ಆಯಿ, ಅವ್ವ, ನಾನು ಬಾದಾಮಿ ಬಸ್ಸು ಹಿಡಿದು ಬನಶಂಕರಿಗೆ ಹೋದೆವು. ಆಯಿ ಹೊಂಡದಲ್ಲಿ ಕಾಲು ತೊಳೆದು, ಒಳಗೆ ಹೋಗಿ, ದೇವಿಯ ಎದುರು ಏನು ಹೇಳಿಕೊಂಡಳೋ ಗೊತ್ತಿಲ್ಲ. ಹೊರಗೆ ಬಂದಾಗ ಮೂಗು ಒರೆಸಿಕೊಳ್ಳುತ್ತಿದ್ದಳು. ಹುನಗುಂದದವರೂ ಬಂದಿದ್ದರು. ಬುಟ್ಟಿಯಲ್ಲಿ ರೊಟ್ಟಿ, ಕೆಂಪು ಚಟ್ನಿ, ಮೊಸರು ತಂದು ಮಾರುವ ಹೆಂಗಸರು ಸಾಲಾಗಿ ಕೂರುವ ಜಾಗದಲ್ಲಿ, ಮರದ ನೆರಳಿಗೆ ಒಬ್ಬ ತೆಳ್ಳನೆಯ ಮುದುಕಿ ಕೋಲು ಹಿಡಿದು ಕೂತಿದ್ದಳು. ಚಿಕ್ಕಂದಿನಿಂದ ನಮ್ಮ ಮನೆಯ ಹಾಲು ಒಡೆಯುತ್ತಿದ್ದ ದೆವ್ವ ಅದೇ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ವೈನಿ, ತಲಿ ಎಲ್ಲಾ ಬೆಳ್ಳಗಾಗೇತಲ್ಲ" ಎಂದಳು ಹುನಗುಂದದಾಕಿ.

"ನಿಂದೇನ ಕರ್ರಗ ಐತೇನ?" ಎಂದಳು ಆಯಿ.

ಆಯಿ ಚೀಲದಿಂದ ಸೀರೆ ತೆಗೆದು ಆಕೆಯ ಉಡಿಯಲ್ಲಿ ಹಾಕಿದಳು. ಹುನಗುಂದದಾಕಿ ಥ್ಯಾಂಕ್ಸೂ ಹೇಳಲಿಲ್ಲ, ನಗಲೂ ಇಲ್ಲ. ಸೆರಗು ಬಿಡಿಸಿ, ತಿರುವಿ, ಮೈಗೂ ಸೆರಗಿಗೂ ಕೂಡುವ ಜಾಗವನ್ನು ಹೆಬ್ಬೆರಳಿನಿಂದ ಈ ಅಂಚಿನಿಂದ ಆ ಅಂಚಿನ ತನಕ ಸವರಿ ನೋಡಿದಳು. ನಾವೆಲ್ಲ ಸುತ್ತ ನಿಂತಿದ್ದೆವು. ಆತ ನನ್ನ ಪಕ್ಕದಲ್ಲಿದ್ದ.

"ಕೊಂಡಿ ಹಾಕ್ಸಿದಿ" ಎಂದಳು.

"ಅವತ್ತೂ ಹಾಕಸ್ತಿದ್ದೆ. ಮಗ್ಗದ ಸೀರಿ ಇಳಿಯೂದು ತಡಾ ಆತು. ಹೇಳೂದರಾಗ ನೀ ಎದ್ದ ಹೋದಿ."

"ನೀ ಹೇಳಲಿಲ್ಲ."

"ನೀ ಕೇಳಲಿಲ್ಲ."

ಹುನಗುಂದದಾಕಿ ಸೀರೆಯನ್ನು ಮಡಚಿ ಎದೆಗೆ ಅವುಚಿಕೊಂಡಳು. ಆಮೇಲೆ ಇಬ್ಬರೂ ಅತ್ತರು. ಒಬ್ಬರ ಹೆಗಲ ಮೇಲೆ ಒಬ್ಬರು ತಲೆಯಿಟ್ಟು, ರೊಟ್ಟಿ ಮಾರುವ ಹೆಂಗಸರು ಬುಟ್ಟಿ ಬಿಟ್ಟು ಎದ್ದುಬರುವಷ್ಟು ಜೋರಾಗಿ ಅತ್ತರು. ಮುಂದೆ ನಮ್ಮ ಮದುವೆಯಲ್ಲಿ ಅಧ್ಯಕ್ಷರು "ಎಐ ಕೂಡಿಸಿದ ಮೊದಲ ಜೋಡಿ" ಎಂದು ಬ್ಯಾನರು ಕಟ್ಟಿಸಿದರು. ನಾನು ಆ ಖಣದ ಕುಬಸ ತೊಟ್ಟು ಅದರ ಕೆಳಗೆ ನಿಂತಿದ್ದೆ. ಅದು ಇರಲಿ.

ಅವತ್ತು ರೊಟ್ಟಿ ತಿನ್ನುತ್ತ ಕೂತಾಗ ಆಯಿ ನನ್ನ ಕಡೆ ತಿರುಗಿದಳು. "ಡಬ್ಬಿ ತಂದಿಯೇನ? ತಗಿ. ಬರಕೋ."

ಲ್ಯಾಪ್‌ಟಾಪು ತಂದಿರಲಿಲ್ಲ. ಮೊಬೈಲು ತೆಗೆದು, ಅಜ್ಜನ ಒಡಹುಟ್ಟಿದವರ ಖಾನೆ ತೆರೆದು ಹಿಡಿದೆ. ಆಯಿ ಗಂಟಲು ಸರಿ ಮಾಡಿಕೊಂಡು, ನಾನು ಹುಟ್ಟಿದಂದಿನಿಂದ ಆಕೆಯ ಬಾಯಲ್ಲಿ ಒಮ್ಮೆಯೂ ಕೇಳದ ಆ ಹೆಸರನ್ನು ಜೋರಾಗಿ ಹೇಳಿದಳು. ಹುನಗುಂದದಾಕಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ತನ್ನ ಹೆಸರನ್ನು ಕೇಳಿಸಿಕೊಂಡಳು.

"ಅವರಿಗೆ ಒಬ್ಬಾಕಿ ತಂಗಿ ಅದಾಳ ಅಂತ ಬರಿ" ಎಂದಳು ಆಯಿ. "ಹೇಳಿದಾಕಿ ಅಕಿ ವೈನಿ ಅಂತ, ಅದನ್ನೂ ಬರಿ."